ಎರಡನೇ ರೂಮಿನ ಸಿರಿಂಜು

ಶುಕ್ರವಾರದ ನಮಾಜು ಮುಗಿಸಿಕೊಂಡು ಬಂದ ಸನಾವುಲ್ಲಾ ದಾನವ್ವನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಮೂರನೇ ಜೋಳದ ರೊಟ್ಟಿಗೆ ಕೈ ಹಾಕಿದ್ದ. ಆಗ ಬಾಗಿಲು ಬಡಿದ ಸದ್ದು ಕೇಳಿತು. ಬಡಿದವರು ಒಂದೇ ಸಲ ಬಡಿದು ಸುಮ್ಮನಾದರು.

"ಮ್ಯಾಲಿನ ಮನಿ ಹುಡುಗಿ," ಅಂದಳು ದಾನವ್ವ, ತವೆಯ ಮೇಲಿನ ಕಣ್ಣು ತೆಗೆಯದೆ. "ಮೆಟ್ಲು ಓಡಿಕೋತ ಇಳದಾಳ, ಬಾಗಲಿಗೆ ಬಂದು ಹೊಳ್ಳಿ ಹೋಗ್ಲೇನು ಅಂತ ನಿಂತಾಳ. ಲಗೂನ ತಗಿ ಭಾಯಿ, ಹೋಗಿಬಿಡ್ತಾಳ."

ಸನಾವುಲ್ಲಾ ತೆಗೆದ. ಬಿಂದುಶ್ರೀ ನಿಜವಾಗಿಯೂ ತಿರುಗಿ ಎರಡು ಹೆಜ್ಜೆ ಇಟ್ಟಾಗಿತ್ತು.

ದಾನವ್ವನ ಬಗ್ಗೆ ಕ್ಯಾಲಿಫೋರ್ನಿಯಾದ ಈ ಯೂನಿಯನ್ ಸಿಟಿಯಲ್ಲಿ ಹೇಳುವುದನ್ನೆಲ್ಲ ನಂಬುವಂತಿಲ್ಲ, ಬಿಡುವಂತೆಯೂ ಇಲ್ಲ. ಫ್ರೀಮಾಂಟಿನಲ್ಲಿ ಯಾರೋ ಒಗ್ಗರಣೆ ಹಾಕಿದರೆ ಇಲ್ಲಿ ಕೂತು ಕರಿಬೇವು ಯಾವ ಅಂಗಡಿಯದು ಅನ್ನುತ್ತಾಳಂತೆ. ಕ್ಯುಪರ್ಟಿನೋದ ಮದುವೆಯೊಂದರಲ್ಲಿ ಕಳೆದುಹೋದ ಬೆಳ್ಳಿ ಚೊಂಬನ್ನು ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಸಾಲು ನೋಡಿಯೇ ಹುಡುಕಿಕೊಟ್ಟಳಂತೆ. ಚೊಂಬು ನಾಚಿಕೊಂಡು ತಾನೇ ನಡೆದು ಬಂತು ಅಂತ ಸನಾವುಲ್ಲಾ ಅದಕ್ಕೆ ಒಂದು ಬಾಲ ಸೇರಿಸುತ್ತಾನೆ. ಸುಳ್ಳಲ್ಲದ ಮಾತು ಒಂದಿದೆ. ಗದಗಿನ ಕಡೆಯ ಸರ್ಕಾರಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಆಕೆ ಮೂವತ್ತೊಂದು ವರ್ಷ ಆಯಾ ಆಗಿದ್ದಳು. ಥಿಯೇಟರಿನಲ್ಲಿ ಆಯಾಳನ್ನು ಯಾರೂ ನೋಡುವುದಿಲ್ಲ, ಆಯಾ ಎಲ್ಲರನ್ನೂ ನೋಡುತ್ತಾಳೆ. ನಾಲ್ಕನೇ ಕ್ಲಾಸಿನ ಆಚೆಗಿನ ವಿದ್ಯೆಯನ್ನೆಲ್ಲ ಆಕೆ ಹಾಗೆ ನೋಡಿಯೇ ಕಲಿತದ್ದು. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಇಲ್ಲಿಗೆ ಬಂದಿದ್ದಳು. ಮೊಮ್ಮಕ್ಕಳು ಈಗ ಬೆಳೆದು, ಅಜ್ಜಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದವು.

ಸನಾವುಲ್ಲಾ ಮೈಸೂರಿನವ, ಬಾಡಿಗೆಗೆ ಕಾರು ಓಡಿಸುತ್ತಿದ್ದ. ಹೆಂಡತಿ ಖತೀಜಾ ತೀರಿಹೋಗಿ ಮೂರು ವರ್ಷವಾಗಿತ್ತು. ಮಗ ಜೈದನ ಆಫೀಸು ಮೆನ್ಲೋ ಪಾರ್ಕಿನಲ್ಲಿ, ಸೇತುವೆ ದಾಟಿದರೆ ಇಪ್ಪತ್ತು ನಿಮಿಷ. ಆದರೆ ಆ ಸೇತುವೆ ಒಂದು ಈದಿನಿಂದ ಇನ್ನೊಂದು ಈದಿನಷ್ಟು ಉದ್ದವಿತ್ತು. ಕಾರಿಗೆ ಹತ್ತುವವರು ಕಿವಿಗೆ ಏನೋ ತುರುಕಿಕೊಂಡು ಹತ್ತುತ್ತಾರೆ, ತೆಗೆಯದೆ ಇಳಿಯುತ್ತಾರೆ. ಹೀಗಾಗಿ ದಿನಕ್ಕೆ ಒಂದು ಹೊತ್ತು ದಾನವ್ವನ ಎದುರು ಕೂತು ಮಾತಾಡದಿದ್ದರೆ ಅವನಿಗೆ ತನ್ನ ದನಿ ಇದೆಯೋ ಇಲ್ಲವೋ ಎನ್ನುವ ಅನುಮಾನ ಬರುತ್ತಿತ್ತು.

"ಕುಂದ್ರವಾ," ದಾನವ್ವ ಬಿಂದುಶ್ರೀಗೆ ಸ್ಟೂಲು ತೋರಿಸಿದಳು. "ಮೊದ್ಲ ತಿನ್ನು. ಹಸದ ಹೊಟ್ಟೀಲೆ ಹೇಳಿದ್ರ ಅರ್ಧಾ ಮರೀತಿ."

"ಆಂಟಿ, ಸೋಮವಾರ ಬೆಳಗ್ಗೆ ನನ್ನ ಲೈಫು ಮುಗಿಯುತ್ತೆ," ಅಂದಳು ಬಿಂದುಶ್ರೀ. "ನಾನು ಏನೂ ಮಾಡಿಲ್ಲ. ಯಾರೂ ನಂಬ್ತಿಲ್ಲ."

ಆಕೆ ಹೇಳಿದ್ದು ಇಷ್ಟು. ಆಪರೇಷನ್ನಿಗೆ ಮುಂಚೆ ರೋಗಿಗೆ ಅರಿವಳಿಕೆ ಕೊಟ್ಟು, ಉಸಿರು ಕಾದು, ಮತ್ತೆ ಎಬ್ಬಿಸುವ ಕೆಲಸಕ್ಕೆ ಈ ದೇಶದಲ್ಲಿ ಡಾಕ್ಟರಲ್ಲದವರೂ ಇದ್ದಾರೆ. ಒಂದು ಜಾತಿ ಅರಿವಳಿಕೆ ನರ್ಸುಗಳು, ನರ್ಸಾಗಿದ್ದು ಮೇಲಿನ ಓದು ಓದಿ ಬಂದವರು. ಇನ್ನೊಂದು ಜಾತಿ ಅರಿವಳಿಕೆ ಅಸಿಸ್ಟೆಂಟುಗಳು, ಅದನ್ನೇ ಬೇರೆ ದಾರಿಯಲ್ಲಿ ಓದಿ ಡಾಕ್ಟರ ಕೈಕೆಳಗೆ ಮಾಡುವವರು. ಕೆಲಸ ಒಂದೇ, ಆದ್ದರಿಂದ ಜಗಳವೂ ಜೋರು. ಬಿಂದುಶ್ರೀ ಅಸಿಸ್ಟೆಂಟು. ಜಾರ್ಜಿಯಾದಲ್ಲಿ ಓದಿ ಓಹಾಯೋದಲ್ಲಿ ಐದು ವರ್ಷ ಮಾಡಿದವಳು. ಗಂಡನ ಕೆಲಸಕ್ಕೆಂದು ಇಲ್ಲಿಗೆ ಬಂದಳು. ಕ್ಯಾಲಿಫೋರ್ನಿಯಾದಲ್ಲಿ ಅಸಿಸ್ಟೆಂಟುಗಳಿಗೆ ಲೈಸೆನ್ಸೇ ಇಲ್ಲ. ಆಮೇಲೆ ಗಂಡ ಬೇರೆಯಾದ. ಏಳು ವರ್ಷದ ಮಗಳು ಒಂದು ವಾರ ಅವನ ಹತ್ತಿರ, ಒಂದು ವಾರ ಇವಳ ಹತ್ತಿರ ಅಂತ ಕೋರ್ಟು ಹೇಳಿತು. ಮಗಳನ್ನು ಕರೆದುಕೊಂಡು ಓಹಾಯೋಗೆ ಹೋಗುವಂತಿಲ್ಲ, ಬಿಟ್ಟು ಹೋಗುವುದಂತೂ ಆಗದು. ಹೀಗಾಗಿ ಯೂನಿಯನ್ ಸಿಟಿಯ ಚಿಕ್ಕದೊಂದು ಸರ್ಜರಿ ಸೆಂಟರಿನಲ್ಲಿ ಟೆಕ್ನಿಷಿಯನ್ ಆಗಿದ್ದಳು. ಮಷೀನು ಒರೆಸುವುದು, ಟ್ರಾಲಿ ತುಂಬುವುದು. ಔಷಧಿ ಮುಟ್ಟುವಂತಿಲ್ಲ.

"ಸ್ಯಾಕ್ರಮೆಂಟೋದಲ್ಲಿ, ವಿಧಾನಸಭೇಲಿ, ನಮಗೂ ಲೈಸೆನ್ಸ್ ಕೊಡೋ ಕಾನೂನಿನ ಬಿಲ್ಲು ಬಂದಿದೆ," ಅಂದಳು. "ಅದಾದ್ರೆ ನಮ್ಮ ಡೈರೆಕ್ಟರ್ ಮಧುಕರ್ ಸರ್ ನನ್ನನ್ನ ಅಸಿಸ್ಟೆಂಟಾಗಿ ತಗೋತೀನಿ ಅಂದಿದ್ರು. ಅದೊಂದನ್ನೇ ಕಾಯ್ತಾ ಇದ್ದೆ. ಅರಿವಳಿಕೆ ನರ್ಸುಗಳ ಹೆಡ್ಡು ಜಿಕ್ರಾ ಅಂತ ಇದ್ದಾರೆ, ಅವರು ಅದರ ವಿರುದ್ಧ ಎಲ್ಲಾ ಮೀಟಿಂಗಲ್ಲೂ ಮಾತಾಡ್ತಾರೆ. ನಾನಿರೋ ಬ್ರೇಕ್ ರೂಮಿಗೂ ಬರಲ್ಲ."

"ಹಂಗಾರ ಈಗೇನಾತು?"

ಬುಧವಾರ ಎರಡನೇ ರೂಮಿನಲ್ಲಿ ಕ್ಯುಪರ್ಟಿನೋದ ವೆಂಕಟೇಶ್ ಎನ್ನುವವರಿಗೆ ಹರ್ನಿಯಾ ಆಪರೇಷನ್. ಅರಿವಳಿಕೆ ಜಿಕ್ರಾಳದು. ಆಪರೇಷನ್ ಮುಗಿಯಿತು, ಆದರೆ ಮನುಷ್ಯ ಉಸಿರಾಡಲಿಲ್ಲ. ಎರಡು ಗಂಟೆ ಯಂತ್ರದಲ್ಲೇ ಉಸಿರು ಕೊಟ್ಟರು. ಆಮೇಲೆ ಎದ್ದು ಕೂತು ಕಾಫಿ ಕೇಳಿದರು, ಅದು ದೇವರ ದಯೆ. ಆದರೆ ಒಳಗೆ ಫೆಂಟನಿಲ್ ಅನ್ನುವ ನೋವಿನ ಔಷಧಿ ಲೆಕ್ಕಕ್ಕಿಂತ ಜಾಸ್ತಿ ಹೋಗಿತ್ತು. ನಾನು ಕೊಟ್ಟದ್ದು ಸರಿಯಾಗಿದೆ, ಬೇರೆ ಯಾರೋ ಕೊಟ್ಟಿದ್ದಾರೆ ಅಂತ ಜಿಕ್ರಾ ಪಟ್ಟು ಹಿಡಿದಳು. ಸೂಜಿ ಬಿಸಾಡುವ ಡಬ್ಬಿ ತೆರೆದು ನೋಡಿದಾಗ ಫೆಂಟನಿಲ್ ಲೇಬಲ್ಲಿನ ಒಂದು ಸಿರಿಂಜು ಸಿಕ್ಕಿತು. ಲೇಬಲ್ಲಿನ ಮೇಲೆ ಬಿಂದುಶ್ರೀಯ ಹೆಸರಿನ ಎರಡು ಅಕ್ಷರ.

"ಲೈಸೆನ್ಸಿಲ್ಲದೆ ಔಷಧಿ ಕೊಟ್ಟಳು ಅಂತ ಸೋಮವಾರ ರಿಪೋರ್ಟು ಹೋಗುತ್ತೆ. ಅದು ಹೋದ್ರೆ ನನ್ನ ಸರ್ಟಿಫಿಕೇಟು ಯಾವ ಸ್ಟೇಟಲ್ಲೂ ನಡೆಯಲ್ಲ. ಇಂಥಾ ಅಮ್ಮನ ಹತ್ರ ಮಗು ಯಾಕೆ ಅಂತ ಅವನ ಲಾಯರು ಕೇಳದೆ ಬಿಡ್ತಾನಾ?"

ಅವಳು ಫೋನಿನಲ್ಲಿ ಸಿರಿಂಜಿನ ಫೋಟೋ ತೋರಿಸಿದಳು. ದಾನವ್ವ ಹಿಟ್ಟಿನ ಬೆರಳಲ್ಲೇ ಅದನ್ನು ದೊಡ್ಡದು ಮಾಡಿದಳು. ಸಿರಿಂಜಿನ ಮೇಲೆ ನೀಲಿ ಲೇಬಲ್ಲು, ಅದರ ಅಂಚಿನಿಂದ ಹೊರಗೆ ಇಣುಕುವ ಬಿಳಿ ಟೇಪಿನ ಸಣ್ಣ ತುಂಡು.

"ಈ ಬೆಳ್ಳಗಿಂದೇನು?"

"ಟೇಪು ಆಂಟಿ. ಓಟೀಲಿ ಎಲ್ಲೆಂದ್ರಲ್ಲಿ ಅಂಟಿಕೊಂಡಿರುತ್ತೆ."

"ಟೇಪಿನ ಮ್ಯಾಲ ಲೇಬಲ್ಲು ಐತೋ, ಲೇಬಲ್ಲಿನ ಮ್ಯಾಲ ಟೇಪು ಐತೋ?"

ಬಿಂದುಶ್ರೀ ಬಗ್ಗಿ ನೋಡಿದಳು. "ಲೇಬಲ್ಲು ಮೇಲಿದೆ."

"ಹೂಂ," ಅಂದು ದಾನವ್ವ ರೊಟ್ಟಿ ಮಗುಚಿದಳು. ಸನಾವುಲ್ಲಾನಿಗೆ ಆ ಹೂಂ ಗೊತ್ತು. ಅದು ಬಂದ ಮೇಲೆ ನಾಲ್ಕನೇ ರೊಟ್ಟಿ ಸಿಗುವುದಿಲ್ಲ. ಅವನು ಕೈ ತೊಳೆದು ಕಾರಿನ ಬೀಗದ ಕೈ ತೆಗೆದುಕೊಂಡ.

ಸರ್ಜರಿ ಸೆಂಟರಿನ ಮ್ಯಾನೇಜರ್ ಫರಾಜ್ ಸಂಬಂಧದಲ್ಲಿ ಖತೀಜಾಳ ಅಕ್ಕನ ಮಗ. ಆಫೀಸಿಗೆ ಹೋದಾಗ ಎದ್ದು ನಿಂತ, ದಾನವ್ವನನ್ನು ನೋಡಿ ಮತ್ತೆ ಕೂತ.

"ಖಾಲೂ, ಇದು ಬೆಳ್ಳಿ ಚೊಂಬಿನ ಕೇಸಲ್ಲ," ಅಂದ ಚಿಕ್ಕಮ್ಮನ ಗಂಡನಿಗೆ. "ಲೀಗಲ್ ಮ್ಯಾಟರು."

"ಅದಕ್ಕೇ ಶುಕ್ರವಾರನೇ ಬಂದಿದ್ದು ಕಣಪ್ಪ, ಸೋಮವಾರ ಬಂದಿದ್ರೆ ನೀನು ಬಾಗಿಲೂ ತೆಗೀತಿರಲಿಲ್ಲ," ಅಂದ ಸನಾವುಲ್ಲಾ. "ಎರಡು ಮಾತು ಕೇಳ್ತಾರೆ, ಹೋಗ್ತಾರೆ. ನಿನ್ನ ಮದುವೇಲಿ ನಿನ್ನ ಶೇರ್ವಾನಿ ಹುಡುಕಿಕೊಟ್ಟೋರು ಯಾರು?"

ಫರಾಜ್ ನಿಟ್ಟುಸಿರು ಬಿಟ್ಟ. ದಾನವ್ವ ಕೇಳಿದ್ದು ನಿಜಕ್ಕೂ ಎರಡೇ ಮಾತು. ಆಪರೇಷನ್ ನಡೆಯುವಾಗ ರೋಗಿಯ ತಲೆಯ ಹತ್ತಿರ ಯಾರು ಯಾರು ಇದ್ದರು? ಸೂಜಿ ಡಬ್ಬಿ ತೆರೆಯಿರಿ ಅಂತ ಹೇಳಿದವರು ಯಾರು?

ಮೊದಲನೆಯದಕ್ಕೆ ಅವನು ದಾಖಲೆ ನೋಡಿ ಹೇಳಿದ. ಜಿಕ್ರಾ ಇದ್ದಳು. ಹನ್ನೊಂದೂವರೆಯಿಂದ ಹದಿನೈದು ನಿಮಿಷ ಅವಳು ಹೊರಗೆ ಹೋಗಿದ್ದಾಗ ಡಾಕ್ಟರ್ ಮಧುಕರ್ ಅವಳ ಜಾಗದಲ್ಲಿ ಕೂತಿದ್ದರು. ಅದೇ ಹೊತ್ತಿನಲ್ಲಿ ಬಿಂದುಶ್ರೀ ಮಷೀನಿನ ಡಬ್ಬಿಯೊಂದನ್ನು ಬದಲಾಯಿಸಲು ಬಂದು ಹೋದಳು. ಮತ್ಯಾರೂ ಆ ಕಡೆ ಸುಳಿಯಲಿಲ್ಲ. ಎರಡನೆಯದಕ್ಕೆ ದಾಖಲೆ ಬೇಕಾಗಲಿಲ್ಲ.

"ಡಾಕ್ಟ್ರೇ ಹೇಳಿದ್ದು. ಅವರಿಗೇ ಪಾಪ ಜಾಸ್ತಿ ಬೇಜಾರಾಗಿರೋದು. ಬಿಂದು ಪರ ನಿಂತಿದ್ದವರು ಅವರೊಬ್ಬರೇ."

ಜಿಕ್ರಾ ಪಾರ್ಕಿಂಗಿನಲ್ಲಿ ಸಿಕ್ಕಳು. ಬೆಂಗಳೂರಿನ ಮನೆಯ ಹುಡುಗಿ, ಮೂರು ವರ್ಷದವಳಿದ್ದಾಗ ಸ್ಯಾನ್ ಹೋಸೆಗೆ ಬಂದು ಅಲ್ಲೇ ಓದಿ ನರ್ಸಾದವಳು. ಒಂದು ಕೈಯಲ್ಲಿ ಕಾರಿನ ಕೀ, ಇನ್ನೊಂದರಲ್ಲಿ ಹಾಲಿನ ಬಾಟಲಿಗಳ ಚೀಲ.

"ನಂದೂ ಪಾಪು ಇದೆ ಆಂಟಿ, ಯುಸ್ರಾ, ನಾಲ್ಕು ತಿಂಗಳು. ಅವಳಿಗೆ ಹಾಲು ತೆಗೆಯೋಕೇ ಹದಿನೈದು ನಿಮಿಷ ಹೋಗಿದ್ದು. ಹೋಗಿದ್ದೇ ತಪ್ಪು ಅನ್ನೋ ಹಾಗೆ ಎಲ್ರೂ ನೋಡ್ತಿದ್ದಾರೆ."

"ಹೊಳ್ಳಿ ಬಂದಾಗ ಡಾಕ್ಟರ್ ಏನಂದ್ರು?"

"ಎಲ್ಲಾ ಸ್ಟೇಬಲ್ ಇದೆ, ನಾನೇನೂ ಕೊಟ್ಟಿಲ್ಲ ಅಂದ್ರು. ಅದಕ್ಕೆ ನನ್ನ ಟೈಮಿಗೆ ನನ್ನ ಡೋಸು ಕೊಟ್ಟೆ."

"ಬಿಂದು ಕೊಟ್ಟಾಳ ಅಂತೀ ಏನು?"

ಜಿಕ್ರಾ ಚೀಲವನ್ನು ಕಾರಿನ ಮೇಲಿಟ್ಟಳು. "ಅವಳಿಗೆ ಆಸೆ ಇತ್ತು ಆಂಟಿ. ಐದು ವರ್ಷ ಮಾಡಿದ ಕೆಲಸ ಕಣ್ಣೆದುರಿಗೆ ಬೇರೆಯವರು ಮಾಡ್ತಿದ್ರೆ ಕೈ ತುರಿಸಲ್ವಾ? ನಾನು ಅವರ ಬಿಲ್ಲಿಗೆ ವಿರುದ್ಧ. ಹೌದು, ಮೂರು ವರ್ಷ ಐಸಿಯೂನಲ್ಲಿ ರಾತ್ರಿ ಹಗಲು ದುಡಿದು ಬಂದವಳು ನಾನು. ಆದ್ರೆ ಆ ಸಿರಿಂಜು ಸಿಕ್ಕಾಗ ನಂಗೆ ಖುಷಿ ಆಗ್ಲಿಲ್ಲ. ಆಗುತ್ತೆ ಅಂದ್ಕೊಂಡಿದ್ದೆ."

ಮಧುಕರ್ ತಮ್ಮ ಕೋಣೆಯಲ್ಲಿ ಒಬ್ಬರೇ ಮೊಸರನ್ನ ತಿನ್ನುತ್ತಿದ್ದರು. ಬಳ್ಳಾರಿಯ ಕಡೆಯವರು, ಐವತ್ತರ ಆಸುಪಾಸು. ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಆರು ವರ್ಷ ಅರಿವಳಿಕೆ ಕೊಟ್ಟು, ಆಮೇಲೆ ಇಲ್ಲಿಗೆ ಬಂದು ಮೊದಲಿನಿಂದ ಓದಿದವರು. ದಾನವ್ವನ ಮಾತಿನ ಧಾಟಿ ಕೇಳಿದ್ದೇ ಚಮಚ ಕೆಳಗಿಟ್ಟು ಕುರ್ಚಿ ಎಳೆದುಕೊಟ್ಟರು.

"ಒಳ್ಳೆ ಹುಡುಗಿ," ಅಂದರು. "ಕೆಟ್ಟದ್ದು ಮಾಡಬೇಕು ಅಂತ ಮಾಡಿರಲ್ಲ."

"ಸರ್, ನನ್ನದೊಂದು ದಡ್ಡ ಪ್ರಶ್ನೆ," ಅಂದ ಸನಾವುಲ್ಲಾ. "ಕದ್ದು ಔಷಧಿ ಕೊಡೋಳು ಸಿರಿಂಜಿನ ಮೇಲೆ ತನ್ನ ಹೆಸರು ಬರೀತಾಳಾ?"

ಮಧುಕರ್ ಬೇಸರದಲ್ಲಿ ನಕ್ಕರು. "ಅದು ಕೈಯ ಅಭ್ಯಾಸ ಭಾಯ್. ಐದು ವರ್ಷ ದಿನಕ್ಕೆ ಇಪ್ಪತ್ತು ಸಿರಿಂಜಿಗೆ ಹೆಸರು ಬರೆದ ಕೈ. ತಲೆ ಬೇಡ ಅಂದ್ರೂ ಕೈ ಬರೆಯುತ್ತೆ."

"ಖರೇ ಮಾತು," ಅಂದಳು ದಾನವ್ವ. ಅವಳು ಅಷ್ಟು ಹೊತ್ತೂ ನೋಡುತ್ತಿದ್ದದ್ದು ಅವರ ಕೈಯನ್ನೇ.

ಹೊರಗೆ ಬಂದು ಅವಳು ಫರಾಜನ ಕಿವಿಯಲ್ಲಿ ಎರಡು ಕೆಲಸ ಹೇಳಿದಳು. ಒಂದು, ಬುಧವಾರ ಬೆಳಿಗ್ಗೆ ಒಂದನೇ ರೂಮಿನ ರೋಗಿಯ ದಾಖಲೆ ತೆಗೆದಿಡಬೇಕು. ಇನ್ನೊಂದು, ಶನಿವಾರ ಹತ್ತು ಗಂಟೆಗೆ ಮೂವರನ್ನೂ ಕರೆಯಬೇಕು, ಮೇಜಿನ ಮೇಲೆ ಇಂಥಿಂಥ ಸಾಮಾನು ಇಡಬೇಕು. ಫರಾಜ್ ತನ್ನ ಖಾಲೂನ ಮುಖ ನೋಡಿದ. ಸನಾವುಲ್ಲಾ ಎಲ್ಲ ಅರ್ಥವಾದವನ ಹಾಗೆ ಗಡ್ಡ ನೀವಿಕೊಂಡ. ಅವನಿಗೂ ಏನೂ ಗೊತ್ತಾಗಿರಲಿಲ್ಲ.

ಶನಿವಾರ ಸೆಂಟರಿಗೆ ರಜೆ. ಖಾಲಿ ಕಾರಿಡಾರಿನಲ್ಲಿ ಅವರ ಹೆಜ್ಜೆ ಅವರಿಗೇ ತಿರುಗಿ ಕೇಳುತ್ತಿತ್ತು. ಮೀಟಿಂಗ್ ರೂಮಿನ ಮೇಜಿನ ಮೇಲೆ ಮೂರು ತಟ್ಟೆ, ಪ್ರತಿಯೊಂದರಲ್ಲೂ ಒಂದು ಸಿರಿಂಜು ಮತ್ತು ತರಬೇತಿಗೆಂದು ಇಟ್ಟುಕೊಂಡಿದ್ದ, ನೀರು ತುಂಬಿದ ಗಾಜಿನ ಪುಟ್ಟ ಆಂಪ್ಯೂಲು. ನಡುವೆ ಲೇಬಲ್ಲಿನ ಸುರುಳಿ, ಪೆನ್ನು, ಬಿಳಿ ಟೇಪು. ಜಿಕ್ರಾ ಒಂದು ತುದಿಗೆ ಕೂತಳು, ಬಿಂದುಶ್ರೀ ಇನ್ನೊಂದು ತುದಿಗೆ. ನಡುವಿನ ಜಾಗ ಒಂದು ಎತ್ತಿನ ಗಾಡಿ ತಿರುಗಿಸಿಕೊಳ್ಳುವಷ್ಟಿತ್ತು. ಮಧುಕರ್ ಕಿಟಕಿಯ ಹತ್ತಿರ ನಿಂತರು.

"ನಾ ಓದಿದಾಕಿ ಅಲ್ಲ," ದಾನವ್ವ ಶುರು ಮಾಡಿದಳು. "ಔಷಧಿ ಹೆಂಗ ಎಳೀತೀರಿ ಅಂತ ಒಮ್ಮೆ ತೋರಸ್ರಿ. ಆಮ್ಯಾಲ ನನ್ನ ಮಾತು ಹೇಳ್ತೀನಿ."

"ಇದೇನು ಎಕ್ಸಾಮಾ?" ಅಂದಳು ಜಿಕ್ರಾ. ಆದರೂ ಎದ್ದಳು. ಮೊದಲು ಲೇಬಲ್ಲು ಹರಿದು ಬರೆದು ಖಾಲಿ ಸಿರಿಂಜಿಗೆ ಅಂಟಿಸಿದಳು. ಆಮೇಲೆ ಆಂಪ್ಯೂಲಿನ ಕತ್ತು ಮುರಿದು ನೀರು ಎಳೆದಳು. ಒಡೆದ ಗಾಜು ಡಬ್ಬಿಗೆ ಹೋಯಿತು. ಅರ್ಧ ನಿಮಿಷ ಆಗಲಿಲ್ಲ.

ಬಿಂದುಶ್ರೀಯ ಸರದಿ. ಲೇಬಲ್ಲು, ಆಮೇಲೆ ನೀರು, ಆಮೇಲೆ ಗಾಜು ಡಬ್ಬಿಗೆ. ಲೇಬಲ್ಲನ್ನು ಹೆಬ್ಬೆರಳಿನಿಂದ ಸವರಿದ ರೀತಿಯೂ ಜಿಕ್ರಾ ಸವರಿದ ಹಾಗೇ ಇತ್ತು. ಅದು ಇಬ್ಬರಿಗೂ ಕಂಡಿತು, ಇಬ್ಬರೂ ಬೇರೆ ಬೇರೆ ಗೋಡೆ ನೋಡಿದರು.

"ಡಾಕ್ಟರ, ಬರ್ರಿ," ಅಂದಳು ದಾನವ್ವ. ಮಧುಕರ್ ಮೇಜಿಗೆ ಬಂದು ಆಂಪ್ಯೂಲು ಎತ್ತಿಕೊಂಡರು. "ಬಳ್ಳಾರಿ ಥೇಟರ್ದಾಗ ಕರೆಂಟು ಹೋದ್ರ ಏನು ಮಾಡ್ತಿದ್ರಿ? ನಮ್ಮಲ್ಲಿ ಬ್ಯಾಟರಿ ಹಿಡಿಯೂ ಕೆಲಸ ನಂದ ಇತ್ತು."

ಮಧುಕರ್ ತಲೆಯೆತ್ತಿದರು. "ನಮ್ಮಲ್ಲಿ ಬಂಗಾರೆವ್ವ ಅಂತ ಆಯಾ ಇದ್ಲು. ಬ್ಯಾಟರಿ ಹಿಡಿಯೋದ್ರಲ್ಲಿ ಅವಳನ್ನ ಮೀರಿಸೋರಿರಲಿಲ್ಲ. ಸರ್ಜನ್ ಕೈ ಎಲ್ಲಿ ಹೋಗುತ್ತೋ ಬೆಳಕು ಅದಕ್ಕಿಂತ ಮೊದಲು ಅಲ್ಲಿರ್ತಿತ್ತು."

"ಆಕಿ ಚಾ ಎಲ್ಲಿ ಕಾಸ್ತಿದ್ಲು?"

"ಉಪಕರಣ ಕುದಿಸೋ ಸ್ಟೋವ್ ಮೇಲೆ," ಅವರು ನಕ್ಕರು. ಮುಖದಿಂದ ಹತ್ತಿಪ್ಪತ್ತು ವರ್ಷ ಇಳಿದು ಹೋದ ಹಾಗಿತ್ತು. ಕೈಗಳು ತಮ್ಮ ಪಾಡಿಗೆ ಆಂಪ್ಯೂಲಿನ ಕತ್ತು ಮುರಿದವು, ನೀರು ಎಳೆದವು. "ಶುಂಠಿ ಜಜ್ಜಿ ಹಾಕ್ತಿದ್ಲು. ಒಂದೇ ದಿನ ಹನ್ನೊಂದು ಸಿಸೇರಿಯನ್ ಆಯ್ತು ಒಮ್ಮೆ. ಹನ್ನೊಂದೂ ಗಂಡು. ಬಂಗಾರೆವ್ವ ಪೇಡೆ ತಿಂದು ತಿಂದು ಮೂರು ದಿನ ಊಟ ಬಿಟ್ಟಳು. ಈ ದೇಶದಲ್ಲಿ ಇದನ್ನೆಲ್ಲ ಯಾರಿಗೆ ಹೇಳಲಿ, ಯಾರೂ..."

ಅವರ ಮಾತು ನಿಂತಿತು. ಎಲ್ಲರೂ ಅವರ ಕೈ ನೋಡುತ್ತಿದ್ದರು. ಅವರೂ ನೋಡಿಕೊಂಡರು. ಎಡಗೈಯಲ್ಲಿ ನೀರು ತುಂಬಿದ ಸಿರಿಂಜು. ಅದರ ಹೊಟ್ಟೆಗೆ ಒರಗಿಸಿ ಖಾಲಿ ಆಂಪ್ಯೂಲನ್ನು ಬಿಳಿ ಟೇಪಿನಿಂದ ಎರಡು ಸುತ್ತು ಕಟ್ಟಿ ಆಗಿತ್ತು. ಲೇಬಲ್ಲಿನ ಸುರುಳಿ ಮುಟ್ಟದೆ ಬಿದ್ದಿತ್ತು.

ಜಿಕ್ರಾ ಮೇಜಿನ ಮೇಲೆ ಬಗ್ಗಿ ಆ ಟೇಪನ್ನು ನೋಡಿದಳು.

"ಇದೇನು ಸರ್?" ಜಿಕ್ರಾ ಕೇಳಿದಳು. "ಹೀಗೆ ಯಾರೂ ಮಾಡಲ್ಲ."

"ಇಲ್ಲಿ ಯಾರೂ ಮಾಡೂದಿಲ್ಲ ತಂಗಿ," ಅಂದಳು ದಾನವ್ವ. "ನಮ್ಮ ಕಡೆ ಸರ್ಕಾರಿ ಥೇಟರ್ದಾಗ ಆವಾಗ ಬಣ್ಣದ ಲೇಬಲ್ಲು ಎಲ್ಲಿದ್ದು? ಔಷಧಿ ಎಳೀಬೇಕು, ಖಾಲಿ ಗಾಜನ್ನ ಸಿರಿಂಜಿಗೆ ಕಟ್ಟಬೇಕು. ಒಳಗ ಏನೈತಿ ಅಂತ ಗಾಜಿನ ಮ್ಯಾಲಿನ ಹೆಸರ ಹೇಳತದ. ಸಂಜೀಕ ಆ ಗಾಜು ಬಿಚ್ಚಿ ಒಗಿಯೂ ಕೆಲಸ ಆಯಾಗೋಳದು. ಮೂವತ್ತೊಂದು ವರ್ಷ ಬಿಚ್ಚೀನಿ. ಗಾಜು ಕಿತ್ತರೂ ಟೇಪಿನ ತುಣುಕು ಸಿರಿಂಜಿಗೆ ಹತಗೊಂಡ ಇರತದ. ನಿನ್ನಿ ಫೋಟೋದಾಗ ಆ ತುಣುಕು ನೋಡಿದೆ."

ಅವಳು ಬಿಂದುಶ್ರೀಯ ಕಡೆ ತಿರುಗಿದಳು. "ನಿಮ್ಮಿಬ್ಬರ ಕೈ ಮೊದಲ ಲೇಬಲ್ಲು ಹಚ್ಚತಾವ. ಖಾಲಿ ಸಿರಿಂಜಿಗೆ. ಹಂಗಾದ್ರ ಲೇಬಲ್ಲು ಅಡಿಗೆ ಇರಬೇಕು, ಟೇಪು ಮ್ಯಾಲ. ಫೋಟೋದಾಗ ಟೇಪು ಅಡಿಗೆ, ಲೇಬಲ್ಲು ಮ್ಯಾಲ. ಅಂದ್ರ ಔಷಧಿ ಎಳದಾಗ ಲೇಬಲ್ಲ ಇರಲಿಲ್ಲ. ಆಮ್ಯಾಲ, ಬ್ಯಾರೇ ಕೆಲಸಕ್ಕ ಹಚ್ಚ್ಯಾರ."

"ಇದು ಸಾಕಾಗಲ್ಲ ಆಂಟಿ," ಫರಾಜ್ ಮೆಲ್ಲಗೆ ಹೇಳಿದ. "ಔಷಧಿ ಎಲ್ಲಿಂದ ಬಂತು? ಮದ್ದಿನ ಬೀರುವಿನ ಲೆಕ್ಕ ಸರಿಯಾಗಿದೆ."

"ಅದಕ್ಕ ನಿನಗ ಒಂದನೇ ರೂಮಿನ ಕಾಗದ ತಗಿ ಅಂದೆ. ಜಿಕ್ರಾ, ಓದವಾ."

ಜಿಕ್ರಾ ಕಾಗದ ತೆಗೆದುಕೊಂಡಳು. ಬುಧವಾರ ಹತ್ತು ಐವತ್ತಕ್ಕೆ, ಗೌರಮ್ಮ ಎನ್ನುವ ಎಪ್ಪತ್ತಾರು ವರ್ಷದ ಹೆಂಗಸು, ಬೆರಳಿನ ಸಣ್ಣ ಆಪರೇಷನ್. ಅರಿವಳಿಕೆ ಡಾಕ್ಟರ್ ಮಧುಕರ್. ಓದುತ್ತಾ ಅವಳ ಹುಬ್ಬು ಗಂಟಾಯಿತು. "ಎರಡು ಆಂಪ್ಯೂಲು ಪೂರ್ತಿ ಕೊಟ್ಟೆ ಅಂತ ಬರೆದಿದೆ. ಬೆರಳಿಗೆ? ಇಷ್ಟು ಕೊಟ್ಟಿದ್ರೆ ಆ ಅಜ್ಜಿ ಹನ್ನೊಂದೂವರೆಗೆ ಮನೆಗೆ ನಡ್ಕೊಂಡು ಹೋಗ್ತಿರಲಿಲ್ಲ. ಕಾಲು ಭಾಗ ಸಾಕು."

"ಉಳಿದ ಮುಕ್ಕಾಲು ಎಲ್ಲಿ ಹೋತು?" ಅಂದಳು ದಾನವ್ವ. "ಉಳಿದದ್ದನ್ನ ಇನ್ನೊಬ್ಬರ ಮುಂದ ಚೆಲ್ಲಬೇಕು ಅಂತ ನಿಯಮ. ಡಾಕ್ಟರ್ ಚೆಲ್ಲಲಿಲ್ಲ, ಜೇಬಿಗೆ ಹಾಕ್ಕೊಂಡ್ರು. ನಮ್ಮ ಕಡೆ ಔಷಧಿ ಚೆಲ್ಲೂದು ಪಾಪ, ಮುಂದಿನ ಪೇಷೆಂಟಿಗೆ ಇಡತಿದ್ರು. ಅದೂ ಕೈಯ ರೂಢಿ. ಎರಡನೇ ರೂಮಿಗೆ ಬಂದು ಕುಂತಾಗ ಪೇಷೆಂಟಿನ ನಾಡಿ ಏರಿರಬೇಕು, ಜೇಬಿನಿಂದ ತಗದು ಕೊಟ್ರು. ಜಿಕ್ರಾ ಹೊಳ್ಳಿ ಬಂದಾಗ ಹೇಳೂದು ಮರತ್ರು. ಈಕಿ ತನ್ನ ಡೋಸು ಕೊಟ್ಲು. ಅಲ್ಲಿಗೆ ಎರಡು ಡೋಸು. ಇಷ್ಟು ಮರವು, ತಪ್ಪು. ಡಬ್ಬಿ ತಗೀರಿ ಅಂತ ತಾವ ಹೇಳಿದ್ರಲ್ಲ, ಅದು ಮರವಲ್ಲ."

ಮಧುಕರ್ ಕುರ್ಚಿ ಎಳೆದುಕೊಂಡು ಕೂತರು. ಸಿರಿಂಜನ್ನು ಇನ್ನೂ ಕೈಯಲ್ಲೇ ಹಿಡಿದಿದ್ದರು.

"ಮರೆತಿದ್ದೆ," ಅಂದರು. "ಆಣೆ ಮಾಡಿ ಹೇಳ್ತೀನಿ, ಅವರು ಉಸಿರು ಎಳೆಯದೇ ಇದ್ದಾಗಲೇ ನೆನಪಾಗಿದ್ದು. ಆಗ ಹೇಳಿದ್ದಿದ್ರೆ ನನ್ನ ಲೈಸೆನ್ಸು ಹೋಗ್ತಿತ್ತು. ಅಷ್ಟು ಹೊತ್ತಿಗೆ ಜಿಕ್ರಾ ಯಾರೋ ಕೊಟ್ಟಿದ್ದಾರೆ ಅಂತ ಶುರು ಮಾಡಿದ್ಲು. ಆ ಹದಿನೈದು ನಿಮಿಷದಲ್ಲಿ ಕೂತಿದ್ದವನು ನಾನು. ಇನ್ಯಾರದಾದರೂ ಹೆಸರು ಬೇಕಾಗಿತ್ತು. ಗಾಜು ಕಿತ್ತು, ಲೇಬಲ್ಲು ಬರೆದು ಅಂಟಿಸಿ, ಸಿರಿಂಜನ್ನ ಡಬ್ಬಿಗೆ ಹಾಕಿದೆ."

"ನನ್ನದು ಯಾಕೆ ಹಾಕ್ಲಿಲ್ಲ?" ಜಿಕ್ರಾ ಕೇಳಿದಳು. "ನಿಮಗೆ ನನ್ನ ಕಂಡ್ರೆ ಆಗಲ್ಲ."

"ನಿನ್ನ ಹಿಂದೆ ಅಸೋಸಿಯೇಷನ್ನಿದೆ. ಲಾಯರಿದ್ದಾರೆ. ಒಂದು ಅಕ್ಷರ ಬರೆದ್ರೆ ಸಾವಿರ ನರ್ಸುಗಳು ಬಾಗಿಲಲ್ಲಿ ನಿಲ್ತಿದ್ರು." ಅವರು ಬಿಂದುಶ್ರೀಯ ಕಡೆ ನೋಡಲು ಹೋಗಿ ಮೇಜನ್ನು ನೋಡಿದರು. "ನರ್ಸುಗಳು ಇವಳ ಮೇಲೆ ಬಂದ ದೂರನ್ನ ನಂಬ್ತಾರೆ. ಇವಳು ನಿನ್ನ ಮೇಲೆ ಅನುಮಾನ ಪಡ್ತಾಳೆ. ನನ್ನ ಕಡೆ ಯಾರೂ ತಿರುಗಲ್ಲ ಅಂತ ಗೊತ್ತಿತ್ತು. ಇವಳ ಹಿಂದೆ ಯಾರಿದ್ರು? ನಾನೊಬ್ಬನೇ ಇದ್ದೆ."

ಬಿಂದುಶ್ರೀ ಅಳಲಿಲ್ಲ. "ಒಂದೂವರೆ ವರ್ಷ ಸರ್," ಅಂದಳು. "ದಿನಾ ನಿಮಗೆ ಗುಡ್ ಮಾರ್ನಿಂಗ್ ಹೇಳ್ತಿದ್ದೆ. ಇಲ್ಲಿ ನಾನು ಇನ್ಯಾರಿಗೂ ಹೇಳ್ತಿರಲಿಲ್ಲ."

ಫರಾಜ್ ಲ್ಯಾಪ್‌ಟಾಪ್ ತೆರೆದು ರಿಪೋರ್ಟನ್ನು ಮೊದಲಿನಿಂದ ಬರೆಯತೊಡಗಿದ. ಮಧುಕರ್ ತಾವೇ ಒಂದೊಂದು ಸಮಯವನ್ನೂ ಹೇಳಿ ಬರೆಸಿದರು, ಕೊನೆಗೆ ಸಹಿ ಹಾಕಿದರು. ಜಿಕ್ರಾ ಸಾಕ್ಷಿಯಾಗಿ ಸಹಿ ಹಾಕಿದಳು. ಒಂದು ಪ್ರತಿ ಬಿಂದುಶ್ರೀಗೆ ಸಿಕ್ಕಿತು. ಅದರಲ್ಲಿ ತನ್ನ ಹೆಸರು ಒಂದೇ ಕಡೆ, ಈಕೆಯ ತಪ್ಪೇನೂ ಇಲ್ಲ ಎಂಬ ಸಾಲಿನಲ್ಲಿ ಇರುವುದನ್ನು ಅವಳು ಎರಡು ಸಲ ಓದಿದಳು.

ಕಾರಿಡಾರಿನಲ್ಲಿ ಜಿಕ್ರಾ ಅವಳ ಪಕ್ಕಕ್ಕೆ ಬಂದಳು. ಹಿಂದೆ ಬರುತ್ತಿದ್ದ ಸನಾವುಲ್ಲಾ ಹೆಜ್ಜೆ ನಿಧಾನ ಮಾಡಿದ, ಕಿವಿ ಮಾತ್ರ ಮುಂದೆ ಹೋಯಿತು.

"ಮುಂದಿನ ತಿಂಗಳು ಸ್ಯಾಕ್ರಮೆಂಟೋಗೆ ಹೋಗ್ತಿದೀನಿ. ನಿಮ್ಮ ಬಿಲ್ಲು ಬೇಡ ಅಂತ ಮಾತಾಡೋಕೆ."

"ಗೊತ್ತು," ಅಂದಳು ಬಿಂದುಶ್ರೀ. "ನಾನೂ ಹೋಗ್ತಿದೀನಿ. ಬೇಕು ಅಂತ ಹೇಳೋಕೆ."

"ಟ್ರೈನಾ, ಕಾರಾ?"

"ನನ್ನ ಕಾರು ಅಷ್ಟು ದೂರ ಹೋಗಲ್ಲ."

ಜಿಕ್ರಾ ಕಾರಿನ ಕೀ ಹೊರತೆಗೆದಳು. "ನನ್ನ ಕಾರಲ್ಲಿ ಹಿಂದೆ ಪಾಪು ಸೀಟಿದೆ. ಮುಂದೆ ಖಾಲಿ. ದಾರೀಲಿ ಬಿಲ್ಲಿನ ವಿಷಯ ಎತ್ತಿದ್ರೆ ಫ್ರೀವೇನಲ್ಲೇ ಇಳಿಸ್ತೀನಿ."

"ನೀವು ಎತ್ತಿದ್ರೆ?"

"ನಾನು ಡ್ರೈವರು. ನಾನು ಎತ್ತಬಹುದು."

ಸನಾವುಲ್ಲಾ ಕಾರು ತೆಗೆದ. ದಾನವ್ವ ಬೆಲ್ಟು ಹಾಕಿಕೊಂಡು ಹೊರಗೆ ನೋಡುತ್ತಾ ಕೂತಳು. ಕೇಸು ಮುಗಿದ ದಿನ ಅವಳು ಸಾಮಾನ್ಯವಾಗಿ ಐಸ್‌ಕ್ರೀಮು ಕೇಳುತ್ತಿದ್ದಳು. ಈ ಸಲ ಅಂಗಡಿ ಹಿಂದೆ ಹೋಯಿತು, ಅವಳು ತಿರುಗಿಯೂ ನೋಡಲಿಲ್ಲ.

"ಏನಾಯ್ತಕ್ಕ? ಹುಡುಗಿ ಉಳಿದ್ಲಲ್ಲ."

"ಉಳದ್ಲು," ಅಂದಳು. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಮತ್ತೆ ಹೇಳಿದಳು. "ಬಂಗಾರೆವ್ವನ ಹೆಸರು ಹೇಳೂ ಮುಂದ ಅಂವನ ಮುಖ ನೋಡಿದ್ಯಾ? ಇಪ್ಪತ್ತು ವರ್ಷದಾಗ ಯಾರೂ ಅಂವನ್ನ ಆ ಸುದ್ದಿ ಕೇಳಿಲ್ಲ. ನಾ ಕೇಳಿದೆ. ಹಿಡೀಲಿಕ್ಕೆ ಕೇಳಿದೆ."

"ತಪ್ಪು ಮಾಡಿದ್ದು ಅವರು."

"ಹೌದು. ಆದ್ರೂ ಸುಮ್ನ ಕೇಳಾಕ ಆ ಒಂದು ಮಾತು ನನ್ನ ಹತ್ರ ಇತ್ತು ನೋಡು. ಕೇಳಿ ಮುಗಿಸಿಬಿಟ್ಟೆ."

ಸನಾವುಲ್ಲಾನ ಫೋನು ಮಿನುಗಿತು, ಹೇವರ್ಡಿನಲ್ಲಿ ಯಾರಿಗೋ ಕಾರು ಬೇಕಾಗಿತ್ತು. ಅವನು ಅದನ್ನು ಆಫ್ ಮಾಡಿ ಬೋರಲು ಹಾಕಿದ. ರೋಡಿನಲ್ಲಿ ಶನಿವಾರದ ಬಿಸಿಲು, ಬ್ಯಾಗು ಹೊತ್ತು ಒಬ್ಬೊಬ್ಬರೇ ಸ್ಟೇಷನ್ನಿನಿಂದ ಇಳಿದು ಹೋಗುವವರು.

"ಅಕ್ಕ, ನೀವು ಥಿಯೇಟರಿಗೆ ಮೊದಲನೇ ದಿನ ಹೋದಾಗ ಹೇಗಿತ್ತು?"

ದಾನವ್ವ ತಿರುಗಿ ಅವನ ಮುಖವನ್ನು ಸಾಕ್ಷಿಯ ಮುಖ ನೋಡುವ ಹಾಗೆ ನೋಡಿದಳು. "ಯಾಕ ಕೇಳ್ತಿ?"

"ಸುಮ್ನೆ."

"ಖರೇನ?"

"ಸುಮ್ನೆ ಅಕ್ಕ."

ಅವಳು ಸೆರಗು ಸರಿ ಮಾಡಿಕೊಂಡಳು. "ನಂಗ ಆವಾಗ ಇಪ್ಪತ್ತೆರಡು," ಅಂತ ಶುರು ಮಾಡಿದಳು, "ರಕ್ತಾ ನೋಡಿದ್ರ ಬೀಳತಿದ್ದೆ..." ಸನಾವುಲ್ಲಾ ಮನೆಯ ತಿರುವು ಬಿಟ್ಟು ಕಾರನ್ನು ನೇರ ಮುಂದಕ್ಕೆ ಓಡಿಸಿದ.